ಧನುರ್ಮಾಸದಲ್ಲಿ ಬಂದ ಪೇರ್ ಗಿಡ

ಆಲ್ಮೆರೆ
18 ಆಗಸ್ಟ್ 2024, ಭಾನುವಾರ

ಪ್ರೀತಿಯ ಅನು,

ಈ ಕಾಗದ ಕೈಗೆ ಸಿಕ್ಕಾಗ ನೀನು ಗಾಬರಿಯಾಗುತ್ತೀಯ ಅಂತ ಗೊತ್ತು. ದಿನಕ್ಕೆ ನಾಲ್ಕು ಸಲ ವಾಟ್ಸಾಪಿನಲ್ಲಿ ಹರಟುವವಳು ಅಂಚೆಚೀಟಿ ಹಚ್ಚಿ ಕಾಗದ ಬರೆದಿದ್ದಾಳೆಂದರೆ ಯಾರಿಗೋ ಏನೋ ಆಗಿದೆ ಅಂದುಕೊಳ್ಳುತ್ತೀಯ. ಹಾಗೇನಿಲ್ಲ, ಗಂಡ ಮಗಳು ಇಬ್ಬರೂ ಕ್ಷೇಮ. ಸುಜಯ್ ಆರಾಮವಾಗಿದ್ದಾನೆ, ಶ್ರಾವ್ಯ ನನಗಿಂತ ಎರಡು ಇಂಚು ಎತ್ತರ ಬೆಳೆದು ಮೇಲಿನಿಂದ ಕೆಳಗೆ ನೋಡಿ ಮಾತಾಡುತ್ತಾಳೆ. ಆಗಬಾರದ್ದು ಆಗಿರುವುದು ನನ್ನಿಂದ, ಅದೂ ನಾಲ್ಕೂವರೆ ವರ್ಷದ ಹಿಂದೆ. ಇದನ್ನು ವಾಟ್ಸಾಪಿನಲ್ಲಿ ಹೇಳಲು ಮೂರು ಸಲ ಕೂತೆ. ಮೂರು ಸಲವೂ ನೀನು ಆನ್‌ಲೈನ್ ಬಂದದ್ದು ಕಂಡ ಕೂಡಲೇ ಚಟ್ನಿಪುಡಿಗೆ ಕಡಲೆಬೇಳೆ ಎಷ್ಟು ಅಂತ ಕೇಳಿ ಎದ್ದುಬಿಟ್ಟೆ. ಕಾಗದವಾದರೆ ಮಧ್ಯದಲ್ಲಿ ಮಾತು ತಿರುಗಿಸಲು ನೀನು ಎದುರಿಗಿರುವುದಿಲ್ಲ.

ನೀನು ಮೈಸೂರಿನಿಂದ ಇಲ್ಲಿಗೆ ಬರಲು ಅಕ್ಟೋಬರ್ ಮೂರಕ್ಕೆ ಟಿಕೆಟ್ ತೆಗೆದಿದ್ದೀಯ. ದಿವಾಕರ್ ಕಸಿ ಕಟ್ಟಿದ ಪೇರ್ ಮರ ಮೊದಲ ಫಸಲು ಬಿಟ್ಟಿದೆ, ಕಾಯಿ ನಾನೇ ಕೀಳಬೇಕು, ಗೊಜ್ಜು ನಾನೇ ಮಾಡಬೇಕು, ನೀನು ಒಲೆ ಹತ್ತಿರವೂ ಸುಳಿಯಬೇಡ ಅಂತ ಬರೆದಿದ್ದೀಯ. ಅದನ್ನು ಓದಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಅನು, ನಮ್ಮ ಹಿತ್ತಲಲ್ಲಿ ಇರುವುದು ದಿವಾಕರ್ ಅವರ ಗಿಡ ಅಲ್ಲ. ಅದು 2020ರ ಏಪ್ರಿಲ್‌ನಲ್ಲೇ ಸತ್ತುಹೋಯಿತು. ಈಗ ಕಾಯಿ ಬಿಟ್ಟಿರುವುದು ನಾನು ಗಾರ್ಡನ್ ಸೆಂಟರಿನಿಂದ ತಂದು ಅದೇ ಜಾಗದಲ್ಲಿ ನೆಟ್ಟ ಬೇರೆ ಗಿಡ. ನಾಲ್ಕು ವರ್ಷದಿಂದ ನಿನಗೆ ಕಳಿಸಿದ ಫೋಟೋಗಳೆಲ್ಲ ಇದರವು.

ಬರೆದೆ. ಇಷ್ಟು ಬರೆಯಲು ಬೆಳಿಗ್ಗೆಯಿಂದ ಎರಡು ಕಾಫಿ ಆರಿಸಿದೆ. ಇನ್ನು ಹೇಗಾಯಿತು ಅಂತ ಹೇಳುತ್ತೇನೆ. ನೀನು ಇಲ್ಲಿಗೇ ಓದುವುದು ನಿಲ್ಲಿಸಿದರೂ ನಿನ್ನದೇನೂ ತಪ್ಪಿಲ್ಲ.

2019ರ ಡಿಸೆಂಬರ್ ಹದಿನೇಳು. ನಿನ್ನ ದಿವಾಕರ್ ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಮಾರನೆಯ ದಿನ ನಿನ್ನ ಮೈಸೂರಿನ ಪ್ರಯಾಣ. ನಾನು ನಿಮ್ಮ ಹಾರ್ಲೆಮ್ ಮನೆಗೆ ಬಂದಾಗ ಒಳಗೆ ಸಾಮಾನೇ ಇರಲಿಲ್ಲ, ನೀನು ಹಿತ್ತಲಲ್ಲಿ ಅವರ ಜಾಕೆಟ್ ಹಾಕಿಕೊಂಡು ಗಿಡ ಎಬ್ಬಿಸುತ್ತಿದ್ದೆ. ಬಾಡಿಗೆ ಮನೆ, ಮಾಲೀಕ ಮಾರುತ್ತಿದ್ದ. ಆ ಹಳೆಯ ದೊಡ್ಡ ಪೇರ್ ಮರವನ್ನು ಕೊಳ್ಳುವವರು ಉಳಿಸುತ್ತಾರೋ ಇಲ್ಲವೋ ಅಂತ ಯೋಚಿಸಿ ದಿವಾಕರ್ ಎರಡು ವರ್ಷ ಮುಂಚೆಯೇ ಅದರ ಕಡ್ಡಿ ತೆಗೆದು ಕಸಿ ಕಟ್ಟಿದ್ದರು. ಕಟ್ಟಿದ್ದು ಐದು, ಉಳಿದದ್ದು ಒಂದು. (ಆ ಹಳೆಯ ಮರವನ್ನು ಕೊಂಡವರು ಉಳಿಸಲಿಲ್ಲ. ನೀನು ಹೋದ ಮೇಲೆ ಒಮ್ಮೆ ಆ ಬೀದಿಯಲ್ಲಿ ಸೈಕಲ್‌ನಲ್ಲಿ ಹಾದುಹೋದೆ. ಹಿತ್ತಲ ತುಂಬ ಕಲ್ಲು ಹಾಸಿದ್ದರು. ಅದನ್ನೂ ನಿನಗೆ ಹೇಳಿರಲಿಲ್ಲ.)

ಎಲೆಯಿಲ್ಲದ ಎದೆಯೆತ್ತರದ ಗಿಡ. ಬೇರಿಗೆ ಒದ್ದೆ ಗೋಣಿ ಸುತ್ತಿ ನನ್ನ ಕೈಗೆ ಕೊಟ್ಟೆ. ಅವರ ಕೈ ಮುಟ್ಟಿದ್ದರಲ್ಲಿ ಇನ್ನೂ ಜೀವ ಇರುವುದು ಇದೊಂದೇ, ನಾಳೆಯೇ ನೆಟ್ಟುಬಿಡು, ಬೇರು ಒಣಗಲು ಬಿಡಬೇಡ ಅಂದೆ. ನಾನು ಹೂಂ ಅಂದೆ. ಎಷ್ಟು ಸಲೀಸಾಗಿ ಅಂದೆ ಅಂತ ಈಗ ನೆನೆದರೆ ಮೈ ಉರಿಯುತ್ತದೆ.

ಆಗ ನಮ್ಮತ್ತೆ ಇಂದಿರಮ್ಮ ಮೂರು ತಿಂಗಳ ವೀಸಾದಲ್ಲಿ ಬಂದಿದ್ದರಲ್ಲ. ಗಿಡ ಕಂಡ ಕೂಡಲೇ ಅವರು, ನಿನ್ನೆಯಿಂದ ಧನುರ್ಮಾಸ ಹಿಡಿದಿದೆ, ಶೂನ್ಯಮಾಸದಲ್ಲಿ ಫಲದ ಗಿಡ ನೆಡಬಾರದು, ಸಂಕ್ರಾಂತಿ ಕಳೆಯಲಿ ಅಂದರು. ಮಧ್ಯೆ ಇಪ್ಪತ್ತಾರಕ್ಕೆ ಸೂರ್ಯಗ್ರಹಣ ಬೇರೆ. ಈ ದೇಶದಲ್ಲಿ ಕಾಣಿಸದ ಗ್ರಹಣಕ್ಕೂ ನಮ್ಮ ಮನೆಯಲ್ಲಿ ದರ್ಭೆ ಹುಡುಕಿದ್ದುಂಟು. ಹಿರಿಯರ ಮಾತು, ಎದುರಾಡುವುದು ಹೇಗೆ ಅಂತ ಸುಮ್ಮನಾದೆ. ಸುಜಯ್‌ಗೂ ಆ ತಿಂಗಳು ಎದೆ ಹಿಡಿದ ಹಾಗಾಗಿ ಆಸ್ಪತ್ರೆಯ ಪರೀಕ್ಷೆಗಳು ನಡೆಯುತ್ತಿದ್ದವು. ಕೊನೆಗೆ ಅದು ಆಸಿಡಿಟಿ ಅಂತ ಆಯಿತು, ಆದರೆ ಅಲ್ಲಿಯವರೆಗೆ ನನ್ನ ತಲೆ ನೆಟ್ಟಗಿರಲಿಲ್ಲ.

ಹೊರಗೆ ಚಳಿ, ಗಿಡ ಸತ್ತೀತು ಅಂತ ಬಾಯ್ಲರ್ ಇರುವ ಕೋಣೆಯಲ್ಲಿ, ವಾಷಿಂಗ್ ಮಷೀನ್ ಪಕ್ಕ ನಿಲ್ಲಿಸಿದೆ. ಮನೆಯಲ್ಲಿ ಅಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಎಲೆ ಉದುರಿಸಿಕೊಂಡ ಗಿಡಕ್ಕೆ ಚಳಿಯೇ ನಿದ್ದೆ, ಬೆಚ್ಚಗಿಟ್ಟರೆ ಹೊತ್ತಲ್ಲದ ಹೊತ್ತಿನಲ್ಲಿ ಎದ್ದುಬಿಡುತ್ತದೆ ಅಂತ ನನಗೆ ತಿಳಿಯಲಿಲ್ಲ. ಮಲಗಿದ ಮಗುವಿಗೆ ಕಂಬಳಿ ಹೊದಿಸಿದಂತೆ ಅಂದುಕೊಂಡೆ. ಜನವರಿ ಹತ್ತರ ಹೊತ್ತಿಗೆ ಕಡ್ಡಿಯ ತುದಿಯಲ್ಲಿ ಹಸಿರು ಕಂಡಿತು. ನಾನು ಕುಣಿದಾಡಿ ಫೋಟೋ ತೆಗೆದು ನಿನಗೆ ಕಳಿಸಿದೆ. ನೀನು ಅದನ್ನು ನೋಡಿ ಅತ್ತುಬಿಟ್ಟೆ, ದಿವಾಕರ್ ಹೋದ ಮೇಲೆ ಮೊದಲ ಸಲ ಒಂದು ಒಳ್ಳೆಯ ಸುದ್ದಿ ಬಂತು ಅಂತ ವಾಯ್ಸ್ ಮೆಸೇಜ್ ಕಳಿಸಿದೆ. ಆ ಹಸಿರು ಬೇರಿನಿಂದ ಬಂದದ್ದಲ್ಲ ಅನು. ಕಾಂಡದಲ್ಲಿ ಉಳಿದಿದ್ದ ಕಸುವನ್ನು ಅದು ಖರ್ಚು ಮಾಡಿಕೊಂಡಿತ್ತು. ಗೋಣಿ ಅಷ್ಟರಲ್ಲಿ ಹಪ್ಪಳದ ಹಾಗೆ ಒಣಗಿತ್ತು.

ಸಂಕ್ರಾಂತಿಯ ಮಾರನೆಯ ದಿನ ನೆಟ್ಟೆ. ನಾನು ಮದ್ದೂರಿನವಳು, ತೆಂಗು ನೆಡುವುದು ನೋಡಿ ಬೆಳೆದವಳು, ನನಗೆ ಯಾರು ಹೇಳಿಕೊಡಬೇಕು ಅನ್ನುವ ಜಂಬ ಬೇರೆ. ಮೂರಡಿ ಗುಂಡಿ ತೋಡಿದೆ. ಆಲ್ಮೆರೆ ಅಂದರೆ ಡಚ್ಚರು ಸಮುದ್ರದ ತಳ ಬತ್ತಿಸಿ ಮಾಡಿದ ನೆಲ. ಎರಡಡಿಗೇ ಬಿಳಿ ಚಿಪ್ಪುಗಳು ಬಂದವು, ಮೂರಡಿಗೆ ನೀರು ಬಂತು. ಅದಕ್ಕೂ ನಿಲ್ಲಿಸಲಿಲ್ಲ. ಅಪ್ಪ ಹಾಕುತ್ತಿದ್ದರು ಅಂತ ತಳಕ್ಕೆ ಒಂದು ಬೊಗಸೆ ಉಪ್ಪು ಹಾಕಿದೆ, ಅದರ ಮೇಲೆ ಎರಡು ಚೀಲ ಸಗಣಿ ಗೊಬ್ಬರ, ಅದರ ಮೇಲೆ ಗಿಡ. ಕಸಿ ಮಾಡಿದ ಗಂಟು ಕಾಣಬಾರದು ಅಂತ ಮುಚ್ಚಿ, ಕಾಲಲ್ಲಿ ತುಳಿದು, ಅರಿಶಿನ ಕುಂಕುಮ ಇಟ್ಟು ಕೈಮುಗಿದೆ. ಶ್ರಾವ್ಯ ಆಗ ಒಂಬತ್ತು ವರ್ಷದವಳು, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆ ಫೋಟೋ ನಿನ್ನ ದೇವರ ಮನೆಯಲ್ಲಿ ಇದೆ ಅಂತ ನೀನೇ ಹೇಳಿದ್ದೆ. ಅದೊಂದು ನಿಜವಾದ ಫೋಟೋ. ಗಿಡ ಮಾತ್ರ ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ಹೋಗಿತ್ತು.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಅತ್ತೆ ಅದಕ್ಕೆ ಮುಂಚೆಯೇ ಊರಿಗೆ ಹೋಗಿದ್ದರು. ಏಪ್ರಿಲ್‌ನಲ್ಲಿ ಅಕ್ಕಪಕ್ಕದ ಹಿತ್ತಲಲ್ಲೆಲ್ಲ ಬಿಳಿ ಹೂವು ಬಂದಾಗ ನಾನು ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಕಂದು. ಇನ್ನೂ ಕೆಳಗೆ ಕೆರೆದೆ. ಅಲ್ಲೂ ಕಂದು. ಆವತ್ತೇ ನಿನಗೆ ಹೇಳಬೇಕಿತ್ತು. ನೀನು ಮೈಸೂರಿನ ಆ ಮನೆಯಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಕೂತಿದ್ದೆ, ದಿನಾ ಫೋನ್ ಮಾಡುತ್ತಿದ್ದೆ, ನನ್ನ ಗಂಡ ಮಗಳನ್ನು ಬಿಟ್ಟು ಮೊದಲು ಗಿಡ ಹೇಗಿದೆ ಅಂತ ಕೇಳುತ್ತಿದ್ದೆ. ನಿನಗೆ ನೋವಾಗುತ್ತದೆ ಅಂತ ಹೇಳಲಿಲ್ಲ ಅಂದುಕೊಂಡೆ. ಅದು ನಾನು ನನಗೆ ಹೇಳಿಕೊಂಡ ಮಾತು. ನೀನು ನನ್ನನ್ನು ಏನಂದುಕೊಳ್ಳುತ್ತೀಯೋ ಅನ್ನುವ ಭಯವೇ ಹೆಚ್ಚಿತ್ತು.

ಆಗ ಅಂಗಡಿಗಳೆಲ್ಲ ಮುಚ್ಚಿದ್ದರೂ ಗಾರ್ಡನ್ ಸೆಂಟರ್ ತೆರೆದಿತ್ತು. ಒಂದು ಶನಿವಾರ ಗಾಡಿ ತಳ್ಳಿಕೊಂಡು ಒಂದೂವರೆ ಮೀಟರ್ ದೂರದ ಸಾಲಿನಲ್ಲಿ ನಿಂತು, ಕುಂಡದಲ್ಲಿದ್ದ ಅದೇ ಎತ್ತರದ ಪೇರ್ ಗಿಡ ತಂದೆ. ಮನೆಗೆ ಬಂದು ಹಳೆಯ ಫೋಟೋ ಎದುರಿಗಿಟ್ಟುಕೊಂಡು, ಅದರಲ್ಲಿ ಎಷ್ಟು ರೆಂಬೆ ಇತ್ತೋ ಅಷ್ಟೇ ಉಳಿಸಿ ಉಳಿದದ್ದನ್ನು ಕತ್ತರಿಸಿದೆ. ಕಳ್ಳತನದಲ್ಲೂ ನನ್ನ ಅಚ್ಚುಕಟ್ಟು ನೋಡು. ಸುಜಯ್ ಅನುಗೆ ಹೇಳಿಬಿಡು ಅಂತ ಒಮ್ಮೆ ಅಂದ, ನಾನು ಕಿಡಿಕಾರಿದ ಮೇಲೆ ಮತ್ತೆ ಆ ಸುದ್ದಿಗೆ ಬರಲಿಲ್ಲ. ಸತ್ತ ಗಿಡವನ್ನು ತುಂಡು ಮಾಡಿ ಹಸಿರು ಕಸದ ಡಬ್ಬಿಗೆ ಹಾಕಿದೆ. ಮಂಗಳವಾರ ಲಾರಿ ಬಂದು ಒಯ್ದಿತು. ಒಂದು ಕಡ್ಡಿಯನ್ನಾದರೂ ನಿನಗೆಂದು ಇಟ್ಟುಕೊಳ್ಳಬಹುದಿತ್ತು, ಅದೂ ಹೊಳೆಯಲಿಲ್ಲ.

ಅವತ್ತೇ ಶೆಡ್ ಗುಡಿಸುವಾಗ ಆ ಗೋಣಿಯ ಮಡಿಕೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ಸಿಕ್ಕಿತು. ದಿವಾಕರ್ ಅಕ್ಟೋಬರಿನಲ್ಲಿ ನನಗೆಂದು ಬರೆದು, ಗಿಡಕ್ಕೆಂದು ಎತ್ತಿಟ್ಟಿದ್ದ ಗೋಣಿಯೊಳಗೇ ಇಟ್ಟದ್ದು. ನಿನಗೂ ಅದು ಗೊತ್ತಿರಲಿಲ್ಲ ಅನ್ನಿಸುತ್ತದೆ. ಇದರ ಜೊತೆ ಕಳಿಸುತ್ತಿದ್ದೇನೆ, ಅದು ನಿನ್ನದು. ಪದ್ಮಿನಿಯವರೇ, ಇದು ನಿಮ್ಮ ಮದ್ದೂರಿನ ತೆಂಗಲ್ಲ, ದಯವಿಟ್ಟು ಪಾತಾಳಕ್ಕೆ ಇಳಿಸಬೇಡಿ ಅಂತಲೇ ಶುರುಮಾಡಿದ್ದಾರೆ. ಎಲೆ ಉದುರಿದ ಮೇಲೆ, ಮೊಗ್ಗು ಉಬ್ಬುವ ಮುಂಚೆ, ನೆಲ ಹೆಪ್ಪುಗಟ್ಟಿರದ ಯಾವ ದಿನವಾದರೂ ಸರಿ, ಒಳ್ಳೆಯ ದಿನ ಅಂತ ಕಾಯಬೇಡಿ ಅಂದಿದ್ದಾರೆ. ಆ ದಿನ ನೆಡಲಾಗದಿದ್ದರೆ ಹೊರಗೇ ಒಂದು ಮೂಲೆಯಲ್ಲಿ ಬೇರು ಮುಚ್ಚುವಷ್ಟು ಮಣ್ಣಿನಲ್ಲಿ ಓರೆಯಾಗಿ ಹೂತಿಡಿ, ವಾರಗಟ್ಟಲೆ ಇರುತ್ತದೆ, ಮನೆಯೊಳಗೆ ಮಾತ್ರ ತರಬೇಡಿ ಅಂತ ಅಡಿಗೆರೆ ಎಳೆದಿದ್ದಾರೆ. ಅಡಿಗೆರೆ ಎರಡು ಸಲ ಎಳೆದಿದ್ದಾರೆ ಅನು. ಶೆಡ್ಡಿನ ನೆಲದ ಮೇಲೆ ಕೂತು ಓದಿದೆ. ನನ್ನ ಎಲ್ಲ ತಪ್ಪುಗಳನ್ನೂ ಅವರು ಆರು ತಿಂಗಳು ಮುಂಚೆಯೇ ಕಂಡಿದ್ದರು.

ಆಮೇಲೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ. ಪ್ರತಿ ವರ್ಷ ದಿವಾಕರ್ ಅವರ ತಿಥಿಯ ದಿನ ಶ್ರಾವ್ಯಳನ್ನು ಮರದ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಕಳಿಸಿದೆ. ನೀನು ಮೈಸೂರಿನಲ್ಲಿ ಅದನ್ನು ಅವರ ಫೋಟೋ ಮುಂದಿಟ್ಟು ಎಡೆ ಹಾಕುತ್ತೇನೆ ಅಂತ ಹೇಳುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ದಿನ ಕಳೆದಂತೆ ನನಗೇ ಅದು ಅವರ ಮರ ಅನ್ನಿಸತೊಡಗಿತ್ತು. ಅದಕ್ಕೆ ನೀರು ಹಾಕುವಾಗ ದಿವಾಕರ್ ಅಂತ ಮಾತಾಡಿಸಿದ್ದೂ ಉಂಟು.

ಈ ಬೇಸಿಗೆಯಲ್ಲಿ ಅದು ಕಾಯಿ ಬಿಟ್ಟಿತು. ಮೆತ್ತಗಿನ ಜಾತಿ, ಗಿಡದಲ್ಲೇ ಹಳದಿಗೆ ತಿರುಗುತ್ತದೆ, ಕಚ್ಚಿದರೆ ಮೊಣಕೈವರೆಗೆ ರಸ ಇಳಿಯುತ್ತದೆ. ನಿಮ್ಮ ಹಾರ್ಲೆಮ್ ಮರದ ಕಾಯಿ ಹೇಗಿತ್ತು ಅಂತ ನಿನಗೆ ಹೇಳಬೇಕಾ. ಮೊದಲ ವರ್ಷ ದಿವಾಕರ್ ಕಚ್ಚಿ ಹಲ್ಲು ಹಿಡಿದುಕೊಂಡು ಕೂತಿದ್ದರು, ಸುಜಯ್ ಇದು ಕ್ರಿಕೆಟ್ ಆಡಲು ಸರಿ ಅಂದಿದ್ದ. ಪಕ್ಕದ ಮನೆಯ ಅಜ್ಜಿ ಬಂದು ಇದು ಸ್ಟೋಫ್‌ಪೇರ್, ಹಸಿಯಾಗಿ ತಿನ್ನುವುದಲ್ಲ, ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಕೆಂಪಾಗುತ್ತದೆ ಅಂತ ಹೇಳಿಕೊಟ್ಟ ಮೇಲೆ ಅವರು ಬೆಲ್ಲ, ಹುಣಸೆ, ಎಳ್ಳು ಹಾಕಿ ಗೊಜ್ಜು ಮಾಡಿದ್ದರು. ಆ ಬಣ್ಣ, ಆ ರುಚಿ ನಮ್ಮ ಈ ಮರದಲ್ಲಿ ಯಾವ ಜನ್ಮಕ್ಕೂ ಬರುವುದಿಲ್ಲ. ಇದನ್ನು ಮೂರು ಗಂಟೆ ಬೇಯಿಸಿದರೆ ಗಂಜಿಯಾಗುತ್ತದೆ.

ನಿನ್ನ ಟಿಕೆಟ್ ವಿಷಯ ತಿಳಿದಾಗ ನನಗೆ ಮೊದಲು ಹೊಳೆದದ್ದು ಏನು ಗೊತ್ತಾ? ಶನಿವಾರದ ಸಂತೆಯಲ್ಲಿ ಎರಡು ಕಿಲೋ ಸ್ಟೋಫ್‌ಪೇರ್ ತಂದು, ನೀನು ಬರುವ ಮುಂಚೆಯೇ ಕಿತ್ತಿಟ್ಟಿದ್ದೇನೆ, ಗಾಳಿಗೆ ಉದುರುತ್ತಿತ್ತು ಅಂತ ಹೇಳುವುದು. ನಿಜಕ್ಕೂ ಹಾಗೇ ಮಾಡುತ್ತಿದ್ದೆ. ತಡೆದವಳು ಶ್ರಾವ್ಯ. ಹೋದ ವಾರ ನೀನು ಕಾಯಿಯ ಜೊತೆ ಅವಳ ಫೋಟೋ ಕೇಳಿದ್ದೆಯಲ್ಲ, ಅವಳನ್ನು ಕರೆದೆ. ಅವಳು ಬಾಗಿಲಲ್ಲೇ ನಿಂತು, ಅರ್ಧ ಇಂಗ್ಲಿಷ್ ಅರ್ಧ ಡಚ್‌ನಲ್ಲಿ, ಇನ್ನು ಆ ಮರದ ಪಕ್ಕ ತಾನು ನಿಲ್ಲುವುದಿಲ್ಲ ಅಂದಳು. ಅನು ಆಂಟಿ ನನ್ನ ಮುಖ ನೋಡಿ ನಂಬುತ್ತಾರೆ, ಅದಕ್ಕೇ ಅಮ್ಮಾ ನೀನು ಪ್ರತಿ ಸಲ ನನ್ನನ್ನು ನಿಲ್ಲಿಸುವುದು, ನನಗೆ ಒಂಬತ್ತು ವರ್ಷ ಇದ್ದಾಗಿನಿಂದ ಗೊತ್ತು ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಅವಳ ಮೇಲೆ ರೇಗಿದೆ. ಅವಳು ರೇಗಲಿಲ್ಲ, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳ ಮುಂದೆ ಅಷ್ಟು ಸಣ್ಣವಳಾದದ್ದು ನಾನು ಹಿಂದೆಂದೂ ಇಲ್ಲ.

ಈಗ ನನಗೆ ಎಲ್ಲ ಗೊತ್ತು, ಅದೊಂದು ಶಿಕ್ಷೆ. ಗುಂಡಿ ಆಳವಾಗಿರಬಾರದು, ಅಗಲವಾಗಿರಬೇಕು, ಬೇರು ಮಡಚದೆ ಹರಡುವಷ್ಟು. ನಮ್ಮಂಥ ನೀರು ಮೇಲಿರುವ ನೆಲದಲ್ಲಿ ಸ್ವಲ್ಪ ದಿಬ್ಬ ಮಾಡಿ ನೆಡಬೇಕು. ಕಸಿ ಗಂಟು ನೆಲದಿಂದ ಅಂಗೈ ಅಗಲ ಮೇಲೆ ಕಾಣುತ್ತಲೇ ಇರಬೇಕು. ಗುಂಡಿಗೆ ಗೊಬ್ಬರ ಸುರಿದರೆ ಎಳೆಯ ಬೇರು ಸುಡುತ್ತದೆ, ಹಾಕುವುದಿದ್ದರೆ ವಸಂತದಲ್ಲಿ ಮೇಲ್ಗಡೆ ಹರಡಬೇಕು. ಗಾಳಿ ಇಲ್ಲಿ ಪಶ್ಚಿಮದಿಂದ ಬೀಸುವುದರಿಂದ ಗೂಟವನ್ನು ಆ ಕಡೆ ಹೊಡೆದು ಗಿಡವನ್ನು ಸಡಿಲವಾಗಿ ಕಟ್ಟಬೇಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ಸಲ ಎರಡು ಬಕೆಟ್ ನೀರು, ಮೊದಲ ವರ್ಷ ಹೂ ಬಿಟ್ಟರೂ ಕಾಯಿ ನಿಲ್ಲಲು ಬಿಡಬಾರದು. ನಮ್ಮ ಬೀದಿಯವರು ಈಗ ಗಿಡ ನೆಡುವ ಮುಂಚೆ ನನ್ನನ್ನು ಕೇಳುತ್ತಾರೆ. ಅವರಿಗೆಲ್ಲ ನಾನು ಹೇಳುವುದು ದಿವಾಕರ್ ಬರೆದದ್ದನ್ನೇ, ಅವರ ಹೆಸರು ಹೇಳದೆ.

ನವೆಂಬರಿನಲ್ಲಿ ನರ್ಸರಿಯಿಂದ ಸ್ಟೋಫ್‌ಪೇರ್‌ನ, ಕುಂಡ ಮಣ್ಣಿಲ್ಲದ ಬರಿಬೇರಿನ ಗಿಡ ತಂದು ನೆಡಬಹುದು. ಜಾತಿ ಅದೇ ಸಿಗುತ್ತದೆ. ಆದರೆ ಅದಕ್ಕೆ ಕಟ್ಟಿದ ಕೈ ಬೇರೆಯದು. ನೀನು ಬೇಡ ಅಂದರೆ ನೆಡುವುದಿಲ್ಲ, ನಿನ್ನನ್ನು ಕೇಳದೆ ಆ ಹಿತ್ತಲಲ್ಲಿ ನಾನಿನ್ನು ಏನೂ ಮಾಡುವುದಿಲ್ಲ. ಟಿಕೆಟ್ ರದ್ದು ಮಾಡುತ್ತೀಯೋ ಬರುತ್ತೀಯೋ ನಿನಗೆ ಬಿಟ್ಟದ್ದು. ಬಂದರೆ ನಮ್ಮ ಮನೆಯಲ್ಲೇ ಇರಬೇಕು ಅಂತೇನೂ ಇಲ್ಲ, ಆಮ್ಸ್ಟೆಲ್‌ವೀನ್‌ನಲ್ಲಿ ನಿನ್ನ ಹಳೆಯ ಗೆಳತಿಯರಿದ್ದಾರೆ. ನಾನಂತೂ ಮೂರನೇ ತಾರೀಖು ವಿಮಾನ ನಿಲ್ದಾಣದಲ್ಲಿ ನಿಂತಿರುತ್ತೇನೆ. ನೀನು ಮಾತಾಡಿಸದೆ ಹೋದರೂ ನಿಂತಿರುತ್ತೇನೆ.

ನಮ್ಮತ್ತೆ ಹೋದ ವರ್ಷ ತೀರಿಕೊಂಡದ್ದು ನಿನಗೆ ಗೊತ್ತೇ ಇದೆ. ಅವರ ಮೇಲೆ ಸಿಟ್ಟಿಟ್ಟುಕೊಳ್ಳಬೇಡ, ಹಳೆಯ ಕಾಲದವರು, ಅವರಿಗೆ ತಿಳಿದದ್ದು ಅಷ್ಟೇ.

ನಿನ್ನ ಮುಂದೆ ತಲೆ ಎತ್ತಲಾಗದ,
ಪದ್ಮಿನಿ

ವಿ.ಸೂ.: ಕವರು ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ಹೊಸದಾಗಿ ಬರೆಯಲು ಹೋದರೆ ಇನ್ನೂ ನಾಜೂಕಾಗಿ ಸುಳ್ಳು ಹೇಳುತ್ತೇನೆ, ಅದು ಹಾಗೇ ಇರಲಿ. ಧನುರ್ಮಾಸ ಅಂದವರು ಅತ್ತೆ ಅಲ್ಲ, ನಾನು. ಸತ್ತವರು ಎದ್ದು ಬಂದು ಇಲ್ಲ ಅನ್ನುವುದಿಲ್ಲ ಅಂತ ಅವರ ತಲೆಗೆ ಕಟ್ಟಿದೆ. ಆ ಸಂಜೆ ನಾನು ಗಿಡ ತಂದಾಗ ಅವರೇ ಬಕೆಟ್ಟಿಗೆ ನೀರು ತುಂಬಿ ಬೇರು ನೆನೆಹಾಕಿ ಗುದ್ದಲಿ ಎಲ್ಲಿ ಅಂತ ಕೇಳಿದರು. ಪಂಚಾಂಗ ತೆಗೆದವಳು ನಾನು, ಅದೂ ಬರೀ ನೆಪ. ದಿವಾಕರ್ ಹೋಗಿ ಇಪ್ಪತ್ತಾರು ದಿನ, ಸುಜಯ್‌ಗೆ ಎದೆನೋವು, ಗಂಡನನ್ನು ಕಳೆದುಕೊಂಡ ನಿನ್ನ ಕೈಯಿಂದ ಬಂದ ಗಿಡ ನನ್ನ ಮನೆಯಲ್ಲಿ ಬೇರು ಬಿಡುವುದು ನನಗೆ ಬೇಡವಾಗಿತ್ತು. ಎಂ.ಎಸ್ಸಿ. ಓದಿದ ನನಗೆ, ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ನನಗೆ. ಸುಜಯ್‌ನ ಪರೀಕ್ಷೆಯ ಫಲಿತಾಂಶ ಬಂದದ್ದು ಸಂಕ್ರಾಂತಿಯ ದಿನ, ಮಾರನೆಯ ದಿನ ನೆಟ್ಟೆ. ಬಾಯಿಬಿಟ್ಟು ನಾನು ಏನೂ ಹೇಳಿರಲಿಲ್ಲ, ಆದರೂ ಅತ್ತೆಗೆ ಗೊತ್ತಾಯಿತು. ಅವರು ನಲವತ್ತೊಂದನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಆ ಮೊದಲ ಸಂಜೆಯೇ, ನಾನು ಬಕೆಟ್ಟಿನಿಂದ ಗಿಡ ಎತ್ತುತ್ತಿದ್ದಾಗ ನನ್ನ ಮುಖ ನೋಡಿ, ದಿನಾ ನನ್ ಕೈ ಅನ್ನ ಉಣ್ತಿದೀಯಲ್ಲಮ್ಮ, ಅದು ಆಗುತ್ತಾ ನಿಂಗೆ ಅಂತ ಕೇಳಿದರು. ನಾನು ಗಿಡ ಎತ್ತಿಕೊಂಡು ಬಾಯ್ಲರ್ ಕೋಣೆಗೆ ಹೋದೆ. ಆಮೇಲೆ ಊರಿಗೆ ಹೋಗುವವರೆಗೂ ಅವರು ನಮ್ಮ ಅಡುಗೆಮನೆಗೆ ಕಾಲಿಡಲಿಲ್ಲ.